ನೀಲವ್ವನ ನಾಲ್ಕು

ಊರಿಗೊಬ್ಬ ರಾಜನಿದ್ದ ಕಾಲದ ಮಾತಿದು. ಹೊನ್ನಗಡ ಅನ್ನೋ ಊರಲ್ಲಿ ನೀಲವ್ವ ಅಂತ ಒಬ್ಬಳಿದ್ದಳಂತೆ. ಅವಳ ಗಂಡ ಮೌನಾಚಾರಿ. ಅವನು ತಾಮ್ರದಲ್ಲಿ ಕೆತ್ತಿದ ಹಣ್ಣಿಗೆ ಗಿಣಿ ಬಂದು ಕೊಕ್ಕು ಹಾಕುತ್ತಿತ್ತಂತೆ.

ರಾಜನಿಗೆ ತನ್ನ ಮುಖವಿರುವ ಅಂಚೆಚೀಟಿ ಬೇಕೆನಿಸಿತು. ನಾಲ್ವರು ಆಚಾರಿಗಳು ಒಬ್ಬೊಬ್ಬರು ಒಂದೊಂದು ಅಚ್ಚಿನ ಫಲಕ ಕೆತ್ತಿದರು. ಹಿರಿಯನಾದ ಮೌನಾಚಾರಿ ಪ್ರತಿ ಫಲಕದ ಅಂಚಿಗೂ, ಚೀಟಿಗಳ ಸಾಲಿನಾಚೆ, ಒಂದು ಅಂಕೆ ಹಾಕಿದ. ಹರಿದು ಬಿಸಾಡೋ ಅಂಚಿಗೆ ಅಂಕೆ ಯಾಕೆ ಅಂತ ದಿವಾನರು ನಕ್ಕರಂತೆ. ಹೆಸರಿಲ್ಲದ ಮಗು ತಪ್ಪು ಮಾಡಿದರೆ ಓಣಿಗೆಲ್ಲ ಏಟು ಬೀಳುತ್ತದೆ ಅಂದನಂತೆ ಮೌನಾಚಾರಿ.

ನೀಲವ್ವನಿಗೆ ಆ ಮಾತು ಹಿಡಿಸಿತು. ಒಂದೊಂದು ಫಲಕದಿಂದ ಒತ್ತಿದ ಮೊದಲ ಹಾಳೆಯಿಂದಲೂ ಅಂಕೆಯ ಅಂಚಿನ ಸಮೇತ ಮೂಲೆಯ ನಾಲ್ಕು ಚೀಟಿ ಕೊಂಡಳು. ಬಿಡಿಸದೆ ಎಲೆಯಡಿಕೆ ಪೆಟ್ಟಿಗೆಯಲ್ಲಿಟ್ಟಳು. ಮಗುವಿನ ಮೊದಲ ಕೂದಲು ಎತ್ತಿಟ್ಟ ಹಾಗೆ ಇಟ್ಟಳಂತೆ.

ಕೆಲವು ವರ್ಷ ಕಳೆದವು. ಒಂದು ದಿನ ಊರಿಗೆ ಊರೇ ಬೆಚ್ಚಿತು. ಚೀಟಿಯ ಮೇಲೆ ರಾಜನ ಕೊರಳಿಗೆ ಅಡ್ಡಲಾಗಿ ಗೆರೆ ಮೂಡಿತ್ತು, ಕತ್ತಿ ಇಟ್ಟ ಹಾಗೆ! ರಾಜನೋ ಆಗ ಜ್ವರದಲ್ಲಿ ಮಲಗಿದ್ದ. ಆಚಾರಿಗಳು ಮಾಟ ಕೆತ್ತಿದ್ದಾರೆ ಅಂತ ಗುಲ್ಲೆದ್ದಿತು. ನಾಲ್ವರ ಹೆಬ್ಬೆರಳೂ ಕತ್ತರಿಸಿ ಅಂತ ದಿವಾನರು ಅಪ್ಪಣೆ ಮಾಡಿದರು.

ಮೌನಾಚಾರಿ ರಾಜನೆದುರಿಗೆ ಅಂಚು ಹರಿಯದ ಹಾಳೆಯೊಂದನ್ನು ತರಿಸಿದ. ಗೆರೆ ಬಿದ್ದದ್ದು ಮೂಲೆಯ ಚೀಟಿಗೆ. ಪಕ್ಕದಲ್ಲಿದ್ದ ಅಂಕೆ ಮೂರು.

"ಮೂರು ನಂದು. ಉಳಿದವರನ್ನ ಬಿಡ್ರಿ," ಅಂತ ಹೆಬ್ಬೆರಳು ಚಾಚಿದನಂತೆ, ತಲೆ ತಗ್ಗಿಸಲಿಲ್ಲವಂತೆ.

ನೀಲವ್ವ ಸುಮ್ಮನಿರುವವಳೇ? ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು, ಕಾವಲಿನವರನ್ನು ಸರಿಸಿ, ನೇರ ರಾಜನ ಮಂಚದ ಹತ್ತಿರ ನಡೆದಳು. ಮೂರನೇ ಅಂಕೆಯ ನಾಲ್ಕು ಚೀಟಿ ಹಾಸಿದಳು.

"ನನ್ನ ಗಂಡ ಕೆತ್ತಿದ್ದು ಇದು. ಕೊರಳು ನೋಡ್ರಿ ದೊರೆ."

ಅದೇ ಅಂಕೆ, ಅದೇ ಮೂಲೆ. ಕೊರಳು ಮಾತ್ರ ಹಾಲಿನಂತೆ ನಿರ್ಮಲ. ಹಾಗಾದರೆ ಗೆರೆ ಬಂದದ್ದು ಆಮೇಲೆ. ರಾಜ ಫಲಕ ತರಿಸಿ ಬೆರಳಾಡಿಸಿ ನೋಡಿದ. ಒತ್ತಿ ಒತ್ತಿ ಸವೆದ ತಾಮ್ರ ಅಂಚಿನಿಂದ ಬಿರುಕು ಬಿಟ್ಟಿತ್ತು. "ಇದಕ್ಕೂ ನನ್ನ ಹಾಗೇ ವಯಸ್ಸಾಯಿತು," ಅಂತ ಆ ಜ್ವರದಲ್ಲೂ ನಕ್ಕನಂತೆ. ಅಪ್ಪಣೆ ಅಲ್ಲಿಗೇ ರದ್ದಾಯಿತು. ಆ ನಾಲ್ಕು ಚೀಟಿ ತನಗೆ ಕೊಡು ಅಂದರೆ ನೀಲವ್ವ ಕೊಡಲ್ಲ ಅಂದಳಂತೆ. ದೊರೆಗೇ ಕೊಡಲ್ಲ ಅಂದವಳು ನಮ್ಮ ನೀಲವ್ವ!

ಈಗಲೂ ಹೊಸ ಅಂಚೆಚೀಟಿ ಬಂದ ದಿನ ಹೊನ್ನಗಡದ ಹೆಂಗಸರೇ ಮೊದಲು ಸಾಲು ನಿಲ್ಲುತ್ತಾರೆ. ದೊಡ್ಡ ಊರುಗಳ ಸಂಗ್ರಾಹಕರು ಅಂಕೆಯ ಅಂಚಿರುವ ಆ ತುಂಡನ್ನು ಪ್ಲೇಟ್ ಬ್ಲಾಕ್ ಅನ್ನುತ್ತಾರಂತೆ. ನಮ್ಮೂರ ಅಂಚೆ ಕಚೇರಿಯಲ್ಲಿ ಹಾಗೆ ಕೇಳಿದರೆ ಸಿಗಲ್ಲ. "ನೀಲವ್ವನ ನಾಲ್ಕು ಕೊಡ್ರಿ" ಅನ್ನಬೇಕು.