ನೊರೆಯಿಳಿದ ನೀಲಿ ಬಾನಿ

ಜಪಾನಿನ ಯೊಶಿನೊ ನದಿಯ ದಂಡೆಯಲ್ಲಿ ಇಸೊಜಿ ಎಂಬ ಮುದುಕನಿದ್ದ. ಬಟ್ಟೆಗೆ ನೀಲಿ ಬಣ್ಣ ಹಾಕುವುದು ಅವನ ಕಸುಬು. ನೆಲದಲ್ಲಿ ಹೂತ ಬಾನಿಯಲ್ಲಿ ನೀಲಿಸೊಪ್ಪನ್ನು ಬೂದಿನೀರಿನೊಂದಿಗೆ ಹುಳಿ ಬರಿಸುತ್ತಿದ್ದ. ಮೇಲೆ ನೊರೆ ಎದ್ದಿದ್ದರೆ ಬಾನಿ ಬದುಕಿದೆ ಎಂದರ್ಥ.

ಚಿಗುಸಾ ಅವನ ಶಿಷ್ಯೆ. ನಲವತ್ತು ದಾಟಿದ ಮೇಲೆ ಕಲಿಯಲು ಬಂದವಳು.

ಆ ಚಳಿಗಾಲ ಇಸೊಜಿ ಜ್ವರ ಹಿಡಿದು ಮಲಗಿದ. ಬಾನಿ ಅವಳ ಪಾಲಿಗೆ ಬಂತು. ಊರಿನ ಮೀನುಗಾರರ ಅಂಗಿಗಳೆಲ್ಲ ಬಣ್ಣಕ್ಕೆ ಕಾದಿದ್ದವು.

ಹತ್ತನೆಯ ಬೆಳಿಗ್ಗೆ ಅವಳು ಬರಿಗಾಲಲ್ಲಿ ಓಡಿಬಂದಳು.

"ಗುರುಗಳೇ, ನೊರೆ ಇಳಿದುಹೋಗಿದೆ. ಬಾನಿಯನ್ನು ನಾನೇ ಕೊಂದುಬಿಟ್ಟೆ."

ಇಸೊಜಿ ಕಂಬಳಿ ಹೊದ್ದೇ ಎದ್ದು ಬಂದ. ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡ.

"ದಿನಕ್ಕೆ ಎಷ್ಟು ಸಲ ಕಲಕಿದೆ?"

"ನೀವು ಹೇಳಿದ್ದು ಒಂದು ಸಲ. ಭಯವಾಯಿತು. ಗಂಟೆಗೊಮ್ಮೆ ಕಲಕಿದೆ."

"ಬಾನಿಗೆ ಉಣಿಸುವ ಗೋಧಿ ಹೊಟ್ಟು?"

"ಹಸಿದೀತು ಅಂತ ಮುಷ್ಟಿಗಟ್ಟಲೆ ಹಾಕಿದೆ."

ಮುದುಕ ಕಲಕುವ ಕೋಲನ್ನು ಹೊರಗೊಯ್ದು ಗೋಡೆಗೆ ಒರಗಿಸಿದ. ಬಾನಿಗೆ ಮುಚ್ಚಳ ಹಾಕಿ, ತನ್ನ ಕಂಬಳಿಯನ್ನು ಅದಕ್ಕೆ ಹೊದಿಸಿದ.

"ಈಗ ನಾನೇನು ಮಾಡಲಿ?"

"ಮಲಗು. ಕಣ್ಣು ಕೆಂಪಾಗಿದೆ."

ಮರುದಿನ ವಸಬುರೊ ಎಂಬ ಮೀನುಗಾರ ತನ್ನ ಅಂಗಿ ಕೇಳಿಕೊಂಡು ಬಂದ. ಚಿಗುಸಾ ನಾಚಿಕೆಯಿಂದ ತಲೆ ತಗ್ಗಿಸಿ, ಬಾನಿ ಕೆಟ್ಟಿದೆ ಎಂದಳು.

"ಅಂಗಡಿ ಬಣ್ಣದಲ್ಲಿ ಅದ್ದಿಕೊಡಲೇ?" ಎಂದು ಕೇಳಿದಳು.

"ಬೇಡಮ್ಮ. ಈ ನೀಲಿ ಒಗೆದಷ್ಟೂ ಚೆಂದ. ನಮ್ಮಪ್ಪನ ಅಂಗಿ ಇನ್ನೂ ನಾನೇ ತೊಡ್ತೀನಿ. ಕಾಯ್ತೀವಿ ಬಿಡು."

ಅವನು ಹಾಗಂದದ್ದು ಅವಳಿಗೆ ಇನ್ನಷ್ಟು ಭಾರವಾಯಿತು.

ನಾಲ್ಕನೆಯ ದಿನ ಇಸೊಜಿ ಅವಳನ್ನು ಕರೆದು ಮುಚ್ಚಳ ತೆಗೆಸಿದ.

ಬಾನಿಯ ನಡುವೆ ನೇರಳೆ ಬಣ್ಣದ ನೊರೆ ಉಬ್ಬಿ ನಿಂತಿತ್ತು.

ಚಿಗುಸಾ ಬಾನಿಯ ಅಂಚಿಗೆ ಬಾಗಿದಳು. ನಗು ಬಂತು, ಅದರ ಹಿಂದೆಯೇ ಅಳು. ಮೂಗು ಒರೆಸಿಕೊಂಡು ಒಂದು ತುಂಡು ಬಟ್ಟೆ ಅದ್ದಿ ಎತ್ತಿದಳು. ಹಸಿರಾಗಿ ಮೇಲೆ ಬಂದದ್ದು, ಗಾಳಿ ತಾಗುತ್ತಲೇ ನೀಲಿಗೆ ತಿರುಗಿತು.

"ಏನು ಹಾಕಿದಿರಿ, ಗುರುಗಳೇ?"

"ಏನೂ ಇಲ್ಲ. ನೀನು ಹಾಕಿದ್ದನ್ನು ಅರಗಿಸಿಕೊಳ್ಳಲು ಬಿಟ್ಟೆ."

ಅವಳು ಬಟ್ಟೆಯನ್ನು ಅವನ ಕೈಗಿತ್ತಳು. ಆಮೇಲೆ ಮೆಲ್ಲನೆ ಕೇಳಿದಳು:

"ಬಾನಿ ನಿಜಕ್ಕೂ ಸತ್ತಿದ್ದರೆ ನನ್ನನ್ನು ಕಳಿಸಿಬಿಡುತ್ತಿದ್ದಿರಾ?"

ಇಸೊಜಿ ಒದ್ದೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ.

"ನನ್ನ ಕೈಯಲ್ಲಿ ಹನ್ನೊಂದು ಬಾನಿ ಸತ್ತಿವೆ. ಪ್ರತಿ ಸಲವೂ ನನ್ನ ಗುರು ಹೇಳಿದ್ದು ಒಂದೇ: 'ಹೋಗು, ಹೊಸ ಬಾನಿಗೆ ಬೂದಿ ಜರಡಿ ಹಿಡಿ.'"