ಡಬ್ಬದ ಹಣೆಯ ಕುಂಕುಮ

ಎಣ್ಣೆ ಗಿರಣಿಯ ಯಂತ್ರದಡಿ ಸೋರುವ ಎಣ್ಣೆ ಹಿಡಿಯಲು ಒಂದು ತಗಡಿನ ಡಬ್ಬವಿತ್ತು. ಒಂದು ಹನಿಯನ್ನೂ ನೆಲಕ್ಕೆ ಬಿಡದ ಅದಕ್ಕೆ ಆಯುಧಪೂಜೆಯಲ್ಲಿ ಎಲ್ಲರಿಗಿಂತ ದೊಡ್ಡ ಕುಂಕುಮ, ದೊಡ್ಡ ಚೆಂಡುಹೂವು. ಈ ಸಲ ಪಕ್ಕದಲ್ಲಿ ಹೊಸ ಸ್ಪ್ಯಾನರ್ ಕೂತಿತ್ತು.

“ಅಣ್ಣಾ, ಎಣ್ಣೆ ಎಲ್ಲಿಂದ ಸೋರುತ್ತದೆ?” ಎಂದು ಅದು ಕೇಳಿತು.

“ಮೇಲಿನ ನಟ್ಟು ಸಡಿಲ. ಹನ್ನೊಂದು ವರ್ಷದಿಂದ ಹಾಗೇ ಇದೆ.”

“ಗೊತ್ತಿದ್ದೂ ಸುಮ್ಮನಿದ್ದೆಯಾ?”

“ಹೇಳಿದ್ದರೆ ನನಗೆ ಈ ಹೂವು...” ಎನ್ನುತ್ತಿದ್ದ ಡಬ್ಬ ನಾಲಿಗೆ ಕಚ್ಚಿಕೊಂಡಿತು.

ಮರುದಿನ ಸ್ಪ್ಯಾನರ್ ಆ ನಟ್ಟನ್ನು ಅರ್ಧ ಸುತ್ತು ಬಿಗಿದಿದ್ದೇ ತಡ, ಸೋರುವುದು ನಿಂತಿತು.

ಸಂಜೆ ಎಂದಿನಂತೆ ಡಬ್ಬ ಬರಿದುಮಾಡಲು ಬಂದ ಗಿರಣಿಯ ಕೆಲಸದ ಕೆಂಪವ್ವ ಬಗ್ಗಿ ನೋಡಿ, “ಸದ್ಯ, ಇನ್ನು ಬಗ್ಗುವುದು ತಪ್ಪಿತು!” ಎಂದು ಸೊಂಟ ಹಿಡಿದುಕೊಂಡು ಎದ್ದಳು.

ಅವಳು ಹನ್ನೊಂದು ವರ್ಷ ಬಗ್ಗಿದ್ದನ್ನು ತನಗೆ ಮಾಡಿದ ನಮಸ್ಕಾರವೆಂದೇ ತಿಳಿದಿದ್ದ ಡಬ್ಬಕ್ಕೆ ಹಣೆಯ ಕುಂಕುಮ ಸುಟ್ಟಂತಾಯಿತು.