ದಾಸವಾಳದ ಬುಡದಲ್ಲಿ ತೊಂಬತ್ತೆರಡು ಅಂಕ

ದಾವಣಗೆರೆಯ ಕ್ಲಬ್ಬೊಂದಕ್ಕೆ ಟೆನಿಸ್‌ನಂಥ ಆಟವಾದ ಪಿಕಲ್‌ಬಾಲ್‌ನ ಅಭ್ಯಾಸಕ್ಕೆ ಮೆಷಿನ್ ಬಂದಿತ್ತು. ಅದು ಚೆಂಡು ಎಸೆಯುತ್ತದೆ, ಆಡುವವರು ಹೊಡೆಯಬೇಕು. ಕೋರ್ಟಿನಲ್ಲಿಟ್ಟ ನಾಲ್ಕು ಕೆಂಪು ಪ್ಲಾಸ್ಟಿಕ್ ಕೋನುಗಳ ನಡುವೆ ಚೆಂಡು ಬಿದ್ದರೆ ಅದರ ಕ್ಯಾಮೆರಾ ನೋಡಿ ಪರದೆಯ ಮೇಲೆ ಅಂಕ ಕೊಡುತ್ತದೆ. ಅಧ್ಯಕ್ಷ ರುದ್ರಮುನಿಯವರ ಅಂಕ ಮೂರು ತಿಂಗಳಾದರೂ ನೂರಕ್ಕೆ ಹನ್ನೊಂದು ದಾಟಿರಲಿಲ್ಲ.

"ಮೆಷಿನ್ ಕೆಟ್ಟಿದೆ ಕಣೋ ತಿಪ್ಪೇಶಿ," ಎಂದು ಅವರು ಕೋರ್ಟ್ ನೋಡಿಕೊಳ್ಳುವ ಆಳನ್ನು ಗದರಿದರು. "ಭಾನುವಾರ ಬೇರೆ ಕ್ಲಬ್ಬಿನವರು ಬರ್ತಾರೆ. ಅಷ್ಟರೊಳಗೆ ಸರಿ ಮಾಡದಿದ್ರೆ ನೀನು ಮನೆಗೆ."

ತಿಪ್ಪೇಶಿಗೆ ವಾದಿಸುವ ತ್ರಾಣವಿರಲಿಲ್ಲ. ಅವರು ಹೊಡೆದ ಚೆಂಡುಗಳನ್ನು ಬೇಲಿಯ ದಾಸವಾಳದ ಬುಡದಿಂದ ಹೆಕ್ಕಿ ಹೆಕ್ಕಿ ಅವನ ಸೊಂಟವೇ ಬಿದ್ದುಹೋಗಿತ್ತು. ಶನಿವಾರ ನಾಲ್ಕೂ ಕೋನುಗಳನ್ನು ಎತ್ತಿಕೊಂಡು ಹೋಗಿ ಆ ದಾಸವಾಳದ ಸುತ್ತ ಇಟ್ಟ. ಕ್ಯಾಮೆರಾವನ್ನೂ ಅತ್ತ ತಿರುಗಿಸಿದ.

ಭಾನುವಾರ ರುದ್ರಮುನಿಯವರು ಹೊಡೆದದ್ದೇ ಹೊಡೆದದ್ದು. ಚೆಂಡು ಎಲ್ಲಿ ಬಿತ್ತೆಂದು ನೋಡುವ ಅಭ್ಯಾಸ ಅವರಿಗಿರಲಿಲ್ಲ, ಕಣ್ಣೆಲ್ಲ ಪರದೆಯ ಮೇಲೆ. ತೊಂಬತ್ತೆರಡು!

"ನೋಡಿದ್ರಾ? ನಾನು ಹೇಳಿರಲಿಲ್ವಾ, ತಪ್ಪು ಮೆಷಿನ್‌ದೇ ಅಂತ!"

ಬಂದವರಲ್ಲೊಬ್ಬರು ಮೆಲ್ಲಗೆ ಕೇಳಿದರು: "ಸಾರ್, ಚೆಂಡೆಲ್ಲ ಗೆರೆಯಾಚೆ ಬಿತ್ತಲ್ಲ?"

ರುದ್ರಮುನಿಯವರು ಆಗ ಮೊದಲ ಸಲ ಬೇಲಿಯತ್ತ ನೋಡಿದರು. ಮುಖ ದಾಸವಾಳದ ಬಣ್ಣಕ್ಕೆ ತಿರುಗಿತು. "ಏನೋ ಇದು?"

ದಾಸವಾಳದ ಬುಡದಲ್ಲಿ ಚೆಂಡು ಹೆಕ್ಕುತ್ತಿದ್ದ ತಿಪ್ಪೇಶಿ ಸೊಂಟ ಹಿಡಿದುಕೊಂಡು ಎದ್ದ.

"ನೀವು ಹೇಳಿದಂಗೆ ಮೆಷಿನ್ ಸರಿ ಮಾಡೀನಿ ಸಾರ್. ಇನ್ನು ಕೋರ್ಟ್ ಒಂದು ಸರಿ ಮಾಡೋದು ಉಳಿದೈತೆ."